ಭಾನುವಾರ ಜೋಡಿಸಿದ ಮನೆ ಬುಧವಾರಕ್ಕೇ ಯಾಕೆ ಹರಡಿಕೊಳ್ಳುತ್ತೆ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಎರಡು ಬೆಡ್‌ರೂಮು, ಸುಮಾರು 950 ಚದರಡಿ, ಬಾಡಿಗೆ 25,000 ರೂಪಾಯಿ. ನಾನು, ಗಂಡ, ಅತ್ತೆ, ಮೂರನೇ ಕ್ಲಾಸು ಮತ್ತು ಎಂಟನೇ ಕ್ಲಾಸಿನಲ್ಲಿರುವ ಇಬ್ಬರು ಮಕ್ಕಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಪ್ರತಿ ಭಾನುವಾರ ಅರ್ಧ ದಿನ ಕೂತು ಮನೆ ಜೋಡಿಸುತ್ತೇನೆ. ಬುಧವಾರದ ಹೊತ್ತಿಗೆ ಡೈನಿಂಗ್ ಟೇಬಲ್ಲು, ಸೋಫಾ, ಕುರ್ಚಿ ಎಲ್ಲ ಮತ್ತೆ ತುಂಬಿರುತ್ತೆ. ಅಟ್ಟ, ಮಂಚದ ಕೆಳಗಿನ ಬಾಕ್ಸು ಕೂಡ ಭರ್ತಿ. ಅತ್ತೆ ಏನನ್ನೂ ಬಿಸಾಡಲು ಬಿಡುವುದಿಲ್ಲ. ಬುಟ್ಟಿ, ಆರ್ಗನೈಸರ್ ಅಂತ ಸಾಕಷ್ಟು ದುಡ್ಡು ಸುರಿದಿದ್ದೇನೆ. ನಾನು ಸೋಮಾರಿ ಅಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಸೋಮಾರಿಗಳು ಪ್ರತಿ ಭಾನುವಾರ ಅರ್ಧ ದಿನ ಇದಕ್ಕೆ ಕೊಡುವುದಿಲ್ಲ. ಮೊದಲು ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ.

ಬುಧವಾರ ಟೇಬಲ್ ಮೇಲೆ ಏನಿರುತ್ತೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಗಾಡಿ ಕೀ, ಚಾರ್ಜರ್, ಮಕ್ಕಳ ನೀರಿನ ಬಾಟಲಿ, ಶಾಲೆಯಿಂದ ಬಂದ ಚೀಟಿ, ಆನ್‌ಲೈನ್ ಪಾರ್ಸೆಲ್ಲಿನ ಡಬ್ಬ, ತರಕಾರಿ ತಂದ ಚೀಲ, ಅತ್ತೆಯ ಬಿ.ಪಿ. ಮಾತ್ರೆ. ಸೋಫಾ ಮೇಲೆ ಒಗೆದ ಬಟ್ಟೆ. ಕುರ್ಚಿ ಮೇಲೆ ಒಂದು ಸಲ ಹಾಕಿದ ಪ್ಯಾಂಟು, ಸ್ವೆಟರು. ಮನೆ ಜೋಡಿಸಿಕೊಡುವ ಕೆಲಸಕ್ಕೆ ನಾನು ಹೋಗುವ ಹೆಚ್ಚಿನ ಮನೆಗಳಲ್ಲಿ ಕಾಣುವುದು ಇವೇ. ಅಟ್ಟದಲ್ಲಿರುವ ಹಳೆಯ ಮಿಕ್ಸಿ ಬುಧವಾರ ಇಳಿದು ಬಂದು ಟೇಬಲ್ ಮೇಲೆ ಕೂರುವುದಿಲ್ಲ, ಅಲ್ವಾ? ಅಂದರೆ ನಿಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ದಿನಾ ಓಡಾಡುವ ಸಾಮಾನಿನದು ಒಂದು. ವರ್ಷಗಟ್ಟಲೆ ಕದಲದೆ ಕೂತಿರುವ ಸಾಮಾನಿನದು ಇನ್ನೊಂದು. ಇವೆರಡನ್ನೂ ಒಂದೇ ಭಾನುವಾರದಲ್ಲಿ ಮುಗಿಸಲು ಹೊರಟರೆ ಆಗುವುದೇ ನಿಮಗೆ ಆಗುತ್ತಿರುವುದು. ಮೊದಲು ಓಡಾಡುವ ಸಾಮಾನು. ಅಟ್ಟಕ್ಕೆ ಈಗಲೇ ಕೈ ಹಾಕಬೇಡಿ.

ಮೂರು ದಿನ ಏನನ್ನೂ ಜೋಡಿಸದೆ ಸುಮ್ನೆ ನೋಡಿ. ಯಾವ ವಸ್ತು ಎಲ್ಲಿ ಬಂದು ಬೀಳುತ್ತೆ, ಯಾರ ಕೈಯಿಂದ, ಎಷ್ಟು ಹೊತ್ತಿಗೆ. ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಆ ವಸ್ತುವಿನ ಜಾಗವನ್ನು ಅದು ಬೀಳುವಲ್ಲೇ, ಇಲ್ಲವೇ ಅಲ್ಲಿಂದ ಎರಡು ಹೆಜ್ಜೆಯೊಳಗೆ ಮಾಡಿಕೊಡಿ. ಶಾಲೆಯ ಬ್ಯಾಗು ಬಾಗಿಲ ಹತ್ತಿರ ಬೀಳುತ್ತಿದ್ದರೆ ಅದರ ಮೊಳೆ ಅಥವಾ ಹುಕ್ಕು ಬಾಗಿಲ ಹತ್ತಿರವೇ ಇರಬೇಕು. ಮೂರನೇ ಕ್ಲಾಸಿನ ಮಗುವಿಗೆ ಅದು ಮೂರಡಿ ಎತ್ತರದಲ್ಲಿರಲಿ, ನಿಮ್ಮ ಎತ್ತರಕ್ಕಲ್ಲ. ಬ್ಯಾಗನ್ನು ಒಳಗಿನ ರೂಮಿನ ಕಪಾಟಿನಲ್ಲಿಡು ಅಂತ ಎಷ್ಟು ಸಲ ಗದರಿದರೂ ಅದು ಆಗುವುದಿಲ್ಲ. ಸುಸ್ತಾಗಿ ಬಂದ ಮಗುವಿಗೆ ಹದಿನೈದು ಹೆಜ್ಜೆ ದೂರವೇ. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಒಪ್ಪದಿದ್ದರೆ ಬಾಗಿಲಿನ ಮೇಲಂಚಿಗೆ ಸಿಕ್ಕಿಸುವ ಹುಕ್ಕು ಸಿಗುತ್ತೆ. ಶೂ ಸ್ಟ್ಯಾಂಡಿನ ಬದಿಗೂ ತೂಗುಹಾಕಬಹುದು.

ಇನ್ನೊಂದು ಲೆಕ್ಕ ಕೈಯ ಕೆಲಸದ್ದು. ಒಂದು ವಸ್ತು ಎತ್ತಿಡಲು ಎಷ್ಟು ಸಲ ಕೈಯಾಡಿಸಬೇಕು? ಕಪಾಟು ತೆಗೆ, ಮೇಲಿನ ಡಬ್ಬ ಸರಿಸು, ಕೆಳಗಿನದರ ಮುಚ್ಚಳ ಬಿಚ್ಚು, ಒಳಗಿಡು, ಮುಚ್ಚು, ಮತ್ತೆ ಮೇಲಿನ ಡಬ್ಬ ಇಡು. ಆರು ಕೆಲಸ. ತೆಗೆಯುವಾಗ ಎಲ್ಲರೂ ಇಷ್ಟನ್ನೂ ಮಾಡುತ್ತಾರೆ, ಯಾಕೆಂದರೆ ವಸ್ತು ಬೇಕಾಗಿರುತ್ತೆ. ಇಡುವಾಗ ಯಾರೂ ಮಾಡುವುದಿಲ್ಲ. ನೀವು ಕೊಂಡ ಆರ್ಗನೈಸರ್‌ಗಳು ಸೋತಿರುವುದು ಬಹುಶಃ ಇಲ್ಲೇ. ದಿನಾ ಬಳಸುವ ವಸ್ತುವಿಗೆ ಮುಚ್ಚಳ ಬೇಡ. ಒಂದರ ಮೇಲೊಂದು ಪೇರಿಸುವುದು ಬೇಡ. ಬಾಯಿ ತೆರೆದ ಬುಟ್ಟಿ, ತಟ್ಟೆ, ಹುಕ್ಕು ಇಷ್ಟು ಸಾಕು. ಅಡುಗೆಮನೆಯಲ್ಲೂ ಹಾಗೇ. ಒಗ್ಗರಣೆ ಡಬ್ಬಿ, ಕಾವಲಿ, ಕುಕ್ಕರ್ ಒಲೆಯಿಂದ ಕೈಗೆಟಕುವಲ್ಲಿ ಇರಲಿ. ಚಕ್ಕುಲಿ ಒರಳು, ಶ್ಯಾವಿಗೆ ಒರಳು, ಹಬ್ಬಕ್ಕೆ ಮಾತ್ರ ತೆಗೆಯುವ ದೊಡ್ಡ ಪಾತ್ರೆ ಮೇಲಿನ ಸಾಲಿಗೆ ಹೋಗಲಿ. ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ಇರುತ್ತೆ. ಮನೆಗೆ ಬಂದ ಮೊದಲ ದಿನ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿಟ್ಟಿದ್ದು ಅಲ್ಲೇ ಉಳಿದುಬಿಟ್ಟಿರುತ್ತೆ.

ಕುರ್ಚಿ ಮೇಲಿನ ಬಟ್ಟೆಯ ಬಗ್ಗೆ ಸ್ವಲ್ಪ ಹೇಳಬೇಕು. ಒಂದು ಸಲ ಹಾಕಿದ ಜೀನ್ಸ್ ಒಗೆಯುವಷ್ಟು ಕೊಳೆಯಾಗಿರುವುದಿಲ್ಲ. ಮಡಿಸಿದ ಬಟ್ಟೆ ಜೊತೆ ಇಡಲೂ ಮನಸ್ಸಾಗುವುದಿಲ್ಲ. ಹೀಗೆ ಮಧ್ಯದಲ್ಲಿರುವ ಬಟ್ಟೆಗೆ ನಮ್ಮ ಬೀರುಗಳಲ್ಲಿ ಜಾಗವೇ ಇಲ್ಲ. ಹಾಗಾಗಿ ಕುರ್ಚಿ. ರೂಮಿನ ಬಾಗಿಲ ಹಿಂದೆ ತಲೆಗೆ ಎರಡರಂತೆ ಹುಕ್ಕು ಹಾಕಿ. ಎರಡೂ ತುಂಬಿದ ಮೇಲೆ ಮೂರನೆಯದು ಒಗೆಯಲು ಹೋಗಬೇಕು. ಒಗೆದ ಬಟ್ಟೆಯದು ಬೇರೆ ಕಥೆ. ಐದು ಜನರ ಬಟ್ಟೆಯನ್ನು ಒಬ್ಬರೇ ಮಡಿಸಿ ಹಂಚಬೇಕು ಅನ್ನುವ ಪದ್ಧತಿಯಿಂದಲೇ ಸೋಫಾ ತುಂಬುವುದು. ತಂತಿಯಿಂದ ತೆಗೆಯುವಾಗಲೇ ಐದು ಬಕೆಟ್‌ಗಳಿಗೆ ಹಂಚಿಬಿಡಿ. ಅವರವರ ಬಕೆಟ್ ಅವರವರದು. ಎಂಟನೇ ಕ್ಲಾಸಿನವರಿಗೆ ಬಟ್ಟೆ ಮಡಿಸಲು ಚೆನ್ನಾಗಿ ಬರುತ್ತೆ, ಗಂಡನಿಗೂ ಬರುತ್ತೆ. ಕಾಲುಚೀಲ, ಒಳಬಟ್ಟೆ, ಮನೆಯಲ್ಲಿ ಹಾಕುವ ಬಟ್ಟೆ ಮಡಿಸುವುದೇ ಬೇಡ. ಡ್ರಾಯರಿನಲ್ಲಿ ಹಾಗೇ ಹಾಕಿದರೆ ಯಾವ ನಷ್ಟವೂ ಇಲ್ಲ.

ಇಷ್ಟು ಜಾಗಗಳು ಗೊತ್ತಾದ ಮೇಲೆ ರಾತ್ರಿ ಊಟವಾದ ಕೂಡಲೇ ಹದಿನೈದು ನಿಮಿಷ. ಐದೂ ಜನ, ಒಟ್ಟಿಗೆ. ಟಿ.ವಿ. ಆರಿಸಿ. ಮನೆಯಲ್ಲಿ ಎಲ್ಲಿ ಏನಿದೆ ಅಂತ ನಿಮಗೊಬ್ಬರಿಗೇ ಗೊತ್ತಿದ್ದರೆ "ಅಮ್ಮಾ, ಕತ್ತರಿ ಎಲ್ಲಿ?" ಅನ್ನುವ ಕೂಗು ಎಂದಿಗೂ ನಿಲ್ಲುವುದಿಲ್ಲ, ಅವರು ವಸ್ತುವನ್ನು ವಾಪಸ್ ಇಡುವುದೂ ಇಲ್ಲ. ಬುಟ್ಟಿಗಳಿಗೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಹೆಸರು ಬರೆದು ಅಂಟಿಸಿ. ಅತ್ತೆಗೂ ಓದಲು ಆಗಬೇಕು. ಗಂಡನ ಪಾಲು "ಸಹಾಯ" ಆಗಿರಬಾರದು. ಬಾಗಿಲ ಹತ್ತಿರದ ಜಾಗ ಮತ್ತು ಮನೆಗೆ ಬರುವ ಎಲ್ಲ ಕಾಗದ ಅವರ ಜವಾಬ್ದಾರಿ ಅಂತ ಒಪ್ಪಿಸಿಬಿಡಿ. ಅವರು ಒಂದು ವಾರ ಮಾಡದಿದ್ದರೂ ನೀವು ಮಾಡಲು ಹೋಗಬೇಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇಬ್ಬರೂ ದುಡಿಯುವ ದಂಪತಿಗಳ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ತಮ್ಮ ಮನೆಯನ್ನು ತೋರಿಸುತ್ತಾ ವಿವರಿಸಲು ಅವರಿಗೆ ಹೇಳಿದ್ದರು. ಮನೆ ಹರಡಿದೆ, ಕೆಲಸ ಬಾಕಿ ಇದೆ ಅಂತ ಜಾಸ್ತಿ ಹೇಳಿದ ಹೆಂಗಸರ ದೇಹದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸಂಜೆಯ ಹೊತ್ತಿಗೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಸಾಮಾನೇ ಇದಕ್ಕೆ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ. ಆದರೆ ಒಂದೇ ಟೇಬಲ್ಲನ್ನು ನೋಡಿ ಗಂಡನಿಗೆ ಏನೂ ಅನ್ನಿಸದಿರುವಾಗ ನಿಮಗೆ ಎದೆ ಭಾರವಾಗುವುದು ನಿಮ್ಮ ಭ್ರಮೆ ಅಲ್ಲ.

ಇನ್ನು ಒಳಗೆ ಬರುವ ಸಾಮಾನು. ಬಾಗಿಲಲ್ಲಿ ತಡೆಯದಿದ್ದರೆ ಎಷ್ಟು ಜೋಡಿಸಿದರೂ ಪ್ರಯೋಜನವಿಲ್ಲ.

ನಮ್ಮ ಮನೆಗಳಿಗೆ ಅತಿ ಹೆಚ್ಚು ಬರುವುದರಲ್ಲಿ ರವಿಕೆ ಕಣ ಒಂದು. ಅರಿಶಿನ ಕುಂಕುಮಕ್ಕೆ ಹೋದಾಗ, ವರಮಹಾಲಕ್ಷ್ಮಿ ಹಬ್ಬದಲ್ಲಿ, ಗೌರಿ ಬಾಗಿನದಲ್ಲಿ, ಗೃಹಪ್ರವೇಶದಲ್ಲಿ ಕೊಟ್ಟದ್ದೆಲ್ಲ ಬೀರುವಿನ ಒಂದು ಸಾಲು ತಿನ್ನುತ್ತೆ. ಹೊಲಿಸುವುದು ಅದರಲ್ಲಿ ಕೆಲವನ್ನು ಮಾತ್ರ. ಒಂದೇ ಡಬ್ಬ ಇಡಿ, ಅದು ತುಂಬಿದರೆ ಅಲ್ಲಿಗೆ ಮುಗಿಯಿತು. ಒಳ್ಳೆಯದನ್ನು ಮುಂದಿನ ಹಬ್ಬಕ್ಕೆ ಬೇರೆಯವರಿಗೆ ಕೊಡಿ, ಅದರಲ್ಲಿ ಸಂಕೋಚ ಬೇಡ. ಉಳಿದ ಹತ್ತಿಯ ಬಟ್ಟೆ ತರಕಾರಿ ಚೀಲ ಹೊಲಿಯಲು, ರೇಷ್ಮೆ ಸೀರೆ ಸುತ್ತಿಡಲು ಚೆನ್ನಾಗಿ ಆಗುತ್ತೆ. ನೀವು ಕೊಡುವಾಗ ಒಂದು ಹಿಡಿ ಬಾದಾಮಿ, ಒಂದು ತೆಂಗಿನಕಾಯಿ ಅಥವಾ ಅರ್ಧ ಕೆಜಿ ಬೆಲ್ಲ ಕೊಟ್ಟು ನೋಡಿ. ಎಲ್ಲರಿಗೂ ಇಷ್ಟವಾಗುತ್ತೆ, ಯಾರ ಅಟ್ಟವೂ ತುಂಬುವುದಿಲ್ಲ.

ಪಾರ್ಸೆಲ್ ಡಬ್ಬಗಳನ್ನು ಬಂದ ದಿನವೇ ಚಪ್ಪಟೆ ಮಾಡಿ, ವಿಳಾಸದ ಚೀಟಿ ಹರಿದು, ಒಣ ಕಸಕ್ಕೆ ಅಥವಾ ಗುಜರಿಗೆ ಹಾಕಿ. ಜಿರಳೆಗಳು ಆ ರಟ್ಟಿನ ಮಡಿಕೆಗಳಲ್ಲಿ ಅಡಗುತ್ತವೆ. ಅದರ ಅಂಟು ಮತ್ತು ಗಂಜಿಯ ಅಂಶ ಕಾಗದ ತಿನ್ನುವ ಬೆಳ್ಳಿಹುಳಕ್ಕೆ (ಸಿಲ್ವರ್‌ಫಿಶ್) ಊಟ. "ಮನೆ ಬದಲಾಯಿಸುವಾಗ ಬೇಕಾಗುತ್ತೆ" ಅಂತ ಇಡುವುದರಿಂದ ಹುಳ ಸಾಕಿದಂತಾಗುತ್ತೆ. ಹೋಟೆಲ್ಲಿನ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಮುಚ್ಚಳ ಸರಿಯಾಗಿ ಕೂರುವ ಹತ್ತು ಇಟ್ಟುಕೊಳ್ಳಿ, ಬಾಕಿಯದು ತೊಳೆದು ಒಣ ಕಸಕ್ಕೆ.

"ಎರಡು ಕೊಂಡರೆ ಒಂದು ಉಚಿತ" ಅನ್ನುವಾಗ ಒಂದು ಲೆಕ್ಕ ಹಾಕಿ. 950 ಚದರಡಿಗೆ 25,000 ರೂಪಾಯಿ ಅಂದರೆ ಚದರಡಿಗೆ ತಿಂಗಳಿಗೆ ಸುಮಾರು 26 ರೂಪಾಯಿ ಕೊಡುತ್ತಿದ್ದೀರಿ. ಬಳಸದ ಸಾಮಾನು 40 ಚದರಡಿ ಹಿಡಿದಿದ್ದರೆ ಅದಕ್ಕೇ ತಿಂಗಳಿಗೆ ಸಾವಿರ ರೂಪಾಯಿಗಿಂತ ಜಾಸ್ತಿ ಬಾಡಿಗೆ ಹೋಗುತ್ತಿದೆ. ಉಚಿತವಾಗಿ ಬಂದ ಮೂರನೇ ಡಿಟರ್ಜೆಂಟ್ ಪ್ಯಾಕು ಆ ಜಾಗದ ಬೆಲೆ ಬಾಳುತ್ತಾ ಅಂತ ನೀವೇ ನೋಡಿ.

ಮೂರು ನಾಲ್ಕು ವಾರ ಟೇಬಲ್ ಖಾಲಿ ಇದ್ದ ಮೇಲೆ ಅಟ್ಟ, ಮಂಚದ ಬಾಕ್ಸು. ವಾರಕ್ಕೆ ಒಂದೇ ಬಾಕ್ಸು ಇಳಿಸಿ. ಇಡೀ ಅಟ್ಟ ಇಳಿಸಿದರೆ ಸಂಜೆಗೆ ಎಲ್ಲವೂ ಹಾಗೇ ಮೇಲೆ ಹೋಗುತ್ತೆ.

ನಮ್ಮದಾದ ವಸ್ತುವಿಗೆ ನಾವು ಹೆಚ್ಚು ಬೆಲೆ ಕಟ್ಟುತ್ತೇವೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಜೊತೆಗಾರರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಒಂದೊಂದು ಕಾಫಿ ಮಗ್ ಕೊಟ್ಟರು. ಮಗ್ ಸಿಕ್ಕವರು ಅದನ್ನು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಎರಡರಷ್ಟಿತ್ತು. ಕೈಗೆ ಬಂದು ಕೆಲವೇ ನಿಮಿಷವಾಗಿದ್ದ ಮಗ್ ಅದು. ಇನ್ನು ಮದುವೆಯಲ್ಲಿ ಬಂದ ಡಿನ್ನರ್ ಸೆಟ್ ಗತಿ ಏನು? ಹಾಗಾಗಿ "ಇದು ಬೇಕಾ" ಅಂತ ಕೇಳಿಕೊಳ್ಳಬೇಡಿ. "ಇದು ನನ್ನ ಹತ್ತಿರ ಇಲ್ಲದಿದ್ದರೆ ಈ ತಿಂಗಳು ದುಡ್ಡು ಕೊಟ್ಟು ತರುತ್ತಿದ್ದೆನಾ" ಅಂತ ಕೇಳಿ. ಉತ್ತರ ಬೇಗ ಬರುತ್ತೆ.

ನೋವಾಗದ ವಸ್ತುಗಳಿಂದ ಶುರು ಮಾಡಿ. ಅವಧಿ ಮುಗಿದ ಔಷಧಿ, ಜೋಡಿ ಇಲ್ಲದ ಮುಚ್ಚಳ, ಕುಕ್ಕರಿನ ಸವೆದ ಗ್ಯಾಸ್ಕೆಟ್, ಯಾವ ಫೋನಿಗೂ ಹೊಂದದ ಚಾರ್ಜರ್. ಫೋಟೋ, ಮಕ್ಕಳ ಚಿಕ್ಕಂದಿನ ಬಟ್ಟೆ ಕೊನೆಗಿರಲಿ. ಹಳೆಯ ಫೋನುಗಳಲ್ಲಿ ಬ್ಯಾಟರಿ ಉಬ್ಬಿದ್ದು ಕಂಡರೆ ಅದನ್ನು ಮಂಚದ ಕೆಳಗೆ ಒಂದು ದಿನವೂ ಇಡಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು. ಚುಚ್ಚಬೇಡಿ, ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಪ್ಯಾಡ್, ಡೈಪರ್ ಥರದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಅನ್ನುವ ಪದ್ಧತಿ 2015ರ ಕೊನೆಯ ಹೈಕೋರ್ಟ್ ಆದೇಶದಿಂದ ಇದೆ. ಈ ಮೂರೂ ಸಿಂಕಿನ ಕೆಳಗೋ ಯುಟಿಲಿಟಿಯಲ್ಲೋ ಸರಿಯಾಗಿ ಇದ್ದರೆ ಮನೆಯಿಂದ ಸಾಮಾನು ಹೊರಗೆ ಹೋಗುವ ದಾರಿ ಸಲೀಸಾಗುತ್ತೆ. ಹಾಕಬಹುದಾದ ಬಟ್ಟೆಯನ್ನು ಗೂಂಜ್ ಥರದ ಸಂಸ್ಥೆಗಳು ತೆಗೆದುಕೊಳ್ಳುತ್ತವೆ. ಒಗೆದು, ಗುಂಡಿ ಹಾಕಿ ಕೊಡಿ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಹತ್ತಿರ ಮಾತ್ರ ಬೇಡ. ಬಟ್ಟೆ ಹೋದ ಜಾಗಕ್ಕೆ ಬೇಸನ್ ಬಂದು ಕೂರುತ್ತೆ.

ಕಾಗದಕ್ಕೆ ಒಂದೇ ಫೈಲು ಸಾಕಾಗುವುದಿಲ್ಲ, ಮೂರು ಬೇಕು. ಜನನ ಪ್ರಮಾಣಪತ್ರ, ಅಂಕಪಟ್ಟಿ, ಊರಿನ ಜಮೀನು ಅಥವಾ ಸೈಟಿನ ಕ್ರಯಪತ್ರ, ಖಾತಾ, ಸಾಲ ತೀರಿದ್ದಕ್ಕೆ ಬ್ಯಾಂಕ್ ಕೊಟ್ಟ ಪತ್ರ ಇವು ಶಾಶ್ವತ. ಆದಾಯ ತೆರಿಗೆಯದ್ದು ಏಳು ವರ್ಷ ಇಟ್ಟರೆ ನೆಮ್ಮದಿ. ಕರೆಂಟ್ ಬಿಲ್, ಗ್ಯಾಸ್ ರಸೀದಿ, ಶಾಲೆಯ ಸುತ್ತೋಲೆ ಇವು ಒಂದು ವರ್ಷಕ್ಕಿಂತ ಜಾಸ್ತಿ ಬೇಡ. ಬಾಡಿಗೆ ಕರಾರು ಅಡ್ವಾನ್ಸ್ ವಾಪಸ್ ಬರುವವರೆಗೂ ಇರಲೇಬೇಕು. ಡ್ರೈವಿಂಗ್ ಲೈಸೆನ್ಸ್, ಗಾಡಿಯ ಆರ್‌ಸಿ ಥರದ್ದನ್ನು ಸರ್ಕಾರದ ಡಿಜಿಲಾಕರ್ ಆ್ಯಪ್‌ಗೆ ತಂದುಕೊಂಡರೆ ಜೆರಾಕ್ಸ್ ಪ್ರತಿಗಳ ಕಟ್ಟು ಕರಗುತ್ತೆ.

ಈಗ ನಿಮ್ಮ ಅತ್ತೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ಅವರಿಗೆ ಗೊತ್ತಾಗದ ಹಾಗೆ ಏನನ್ನೂ ಬಿಸಾಡಬೇಡಿ. ಒಂದು ಹಳೇ ಡಬ್ಬಿಯನ್ನೂ ಕೂಡ. ಒಮ್ಮೆ ಗೊತ್ತಾದರೆ ಅವರು ಕಸದ ಚೀಲ ಬಿಚ್ಚಿ ನೋಡಲು ಶುರು ಮಾಡುತ್ತಾರೆ, ಮತ್ತೆ ಯಾವುದಕ್ಕೂ ಒಪ್ಪುವುದಿಲ್ಲ. ಅವರು ಬೆಳೆದ ಮನೆಯನ್ನು ಕಣ್ಮುಂದೆ ತಂದುಕೊಳ್ಳಿ. ವರ್ಷಕ್ಕಾಗುವ ಹುಣಸೆಹಣ್ಣು, ಮೆಣಸಿನಕಾಯಿ, ರಾಗಿ, ಉಪ್ಪಿನಕಾಯಿ ಜಾಡಿ ಎಲ್ಲ ಇಡುವ ಉಗ್ರಾಣವಿತ್ತು. ಮದುವೆ ಮುಂಜಿಗೆ ಊರವರು ಕೊಳಗ ಕೇಳಿಕೊಂಡು ಬರುತ್ತಿದ್ದರು. ಹರಿದ ಸೀರೆ ಕೌದಿಯಾಗುತ್ತಿತ್ತು. ಅಲ್ಲಿ ಕೂಡಿಡುವುದು ಜಾಣತನವೇ ಆಗಿತ್ತು. ಕೂಡಿಡುವ ಅಭ್ಯಾಸ 950 ಚದರಡಿಗೆ ಬಂದಿದೆ, ಉಗ್ರಾಣ ಬಂದಿಲ್ಲ.

ಅವರಿಗೆ ಒಂದು ಕಪಾಟನ್ನು ಪೂರ್ತಿ ಬಿಟ್ಟುಕೊಡಿ. ಅದರೊಳಗೆ ಏನಿದ್ದರೂ ನೀವು ಕೇಳಬಾರದು. ಉಳಿದ ಜಾಗದ ವಸ್ತುಗಳಿಗೆ "ಬಿಸಾಡೋಣ" ಅನ್ನಬೇಡಿ, "ಯಾರಿಗೆ ಕೊಡೋಣ" ಅಂತ ಕೇಳಿ. ಒಳ್ಳೆಯ ಕೈಗೆ ಹೋಗುತ್ತೆ ಅಂದರೆ ಹಿರಿಯರು ಎಷ್ಟೋ ಸಲ ನಮಗಿಂತ ಧಾರಾಳವಾಗಿ ಕೊಡುತ್ತಾರೆ. ದೊಡ್ಡ ಹಿತ್ತಾಳೆ ಕೊಳಗ, ಹಂಡೆ ಊರಿನ ದೇವಸ್ಥಾನದ ಅನ್ನದಾನಕ್ಕೋ, ಜಾಗವಿರುವ ನೆಂಟರ ಮನೆಗೋ ಹೋಗಬಹುದು. ಅವರೇ ಕೈಯಾರೆ ಕೊಟ್ಟು ಬರಲಿ.

ದೇವರ ಚಿತ್ರವಿರುವ ಕ್ಯಾಲೆಂಡರ್, ಲಗ್ನಪತ್ರಿಕೆಗಳನ್ನು ಕಸಕ್ಕೆ ಹಾಕಲು ಅವರ ಮನಸ್ಸು ಒಪ್ಪದಿದ್ದರೆ ಅದನ್ನು ಗೌರವಿಸಿ. ಚಿತ್ರದ ಭಾಗವನ್ನು ಕತ್ತರಿಸಿ, ನೀರಲ್ಲಿ ನೆನೆಸಿ, ಕರಗಿದ ಕಾಗದವನ್ನು ಗಿಡದ ಬುಡಕ್ಕೆ ಹಾಕಬಹುದು. ಪ್ಲಾಸ್ಟಿಕ್ ಹೊದಿಕೆ, ಮಿರುಗುವ ಬಣ್ಣ ಇರುವುದು ಇದಕ್ಕೆ ಆಗುವುದಿಲ್ಲ, ಸಾದಾ ಕಾಗದ ಮಾತ್ರ. ಗಾಜಿನ ಫ್ರೇಮು ಹಾಕಿದ ಫೋಟೋಗಳನ್ನು ಅರಳಿಕಟ್ಟೆ ಮೇಲೆ ಇಟ್ಟು ಬರಬೇಡಿ. ಗಾಜು ಒಡೆದು ಅಲ್ಲಿ ಬರಿಗಾಲಲ್ಲಿ ಸುತ್ತುವವರಿಗೆ ಚುಚ್ಚುತ್ತೆ. ಫ್ರೇಮು, ಗಾಜು ಬೇರೆ ಮಾಡಿ, ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಕಸ ಒಯ್ಯುವವರಿಗೆ ಗಾಜು ಅಂತ ಹೇಳಿ ಕೊಡಿ.

ಸೀರೆಗಳನ್ನು ಅವರ ಜೊತೆ ಕೂತು ನೋಡಿ. ರೇಷ್ಮೆ ಸೀರೆಯನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟರೆ ತೇವ ಒಳಗೇ ಉಳಿದು ಜರಿ ಕಪ್ಪಾಗಬಹುದು. ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ. ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತೆ. ನುಸಿಗುಳಿಗೆಯನ್ನು ಬಟ್ಟೆಗೆ ತಾಗುವಂತೆ ಹಾಕಬೇಡಿ. ಮನೆಯಲ್ಲಿ ಅಥವಾ ನೆಂಟರಲ್ಲಿ ಎಳೆಮಗು ಇದ್ದರೆ ಆ ವಾಸನೆ ಹಿಡಿದ ಹಳೇ ಬಟ್ಟೆಯನ್ನು ಮಗುವಿಗೆ ಹೊದಿಸಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ನುಸಿಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯಬಹುದು.

ಒಂದು ಮಾತನ್ನು ಮೆಲ್ಲಗೆ ಹೇಳುತ್ತೇನೆ. ಖಾಲಿ ಕವರು, ಹಳಸಿದ್ದು, ಹರಿದದ್ದು ಏನನ್ನು ಮುಟ್ಟಿದರೂ ಅತ್ತೆಗೆ ತಡೆಯಲಾಗದ ಸಂಕಟವಾದರೆ, ಮಲಗುವ ಜಾಗ, ಓಡಾಡುವ ದಾರಿಯೂ ತುಂಬಿಹೋದರೆ, ಅದು ಹಟ ಅಲ್ಲದಿರಬಹುದು. ಅತಿಯಾಗಿ ಕೂಡಿಡುವ ತೊಂದರೆಗೆ ಚಿಕಿತ್ಸೆ ಇದೆ. ನಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಮೊದಲು ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ನೀವು ಬರೆದದ್ದನ್ನು ನೋಡಿದರೆ ಅಲ್ಲಿಯವರೆಗೆ ಹೋಗಿಲ್ಲ ಅನ್ನಿಸುತ್ತೆ.

ದಯವಿಟ್ಟು ಸದ್ಯಕ್ಕೆ ಹೊಸ ಬುಟ್ಟಿ, ಡಬ್ಬಿ ಕೊಳ್ಳಬೇಡಿ. ಸಾಮಾನು ಕಮ್ಮಿಯಾದಾಗ ಮನೆಯಲ್ಲಿರುವ ಸ್ಟೀಲ್ ಡಬ್ಬ, ಶೂ ಡಬ್ಬಗಳೇ ಮಿಗುತ್ತವೆ. ಹಬ್ಬದ ಹಿಂದಿನ ವಾರಕ್ಕೆ ಅಟ್ಟದ ಕೆಲಸ ಇಟ್ಟುಕೊಳ್ಳುವುದೂ ಬೇಡ. ಆಗ ಅಡುಗೆ, ನೆಂಟರು, ಸುಣ್ಣಬಣ್ಣ ಅಂತ ಮೈ ಮುರಿದುಹೋಗುತ್ತೆ. ಮಕ್ಕಳ ಹಳೇ ನೋಟ್‌ಬುಕ್ಕು, ಯೂನಿಫಾರಂ ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದ ಕೂಡಲೇ. ಖಾಲಿ ಹಾಳೆಗಳನ್ನು ಹರಿದು ರಫ್ ಬುಕ್ ಮಾಡಿಕೊಡಿ, ಉಳಿದದ್ದು ಗುಜರಿಗೆ. ಅಟ್ಟ ಮತ್ತು ಟ್ರಂಕು ಮೇ ತಿಂಗಳೊಳಗೆ, ಮಳೆಗೆ ಮುಂಚೆ, ಬಿಸಿಲು ಇರುವಾಗಲೇ. ಬೂಸ್ಟು ಹಿಡಿದದ್ದು, ಹುಳ ತಿಂದದ್ದು ಆಗ ಕಣ್ಣಿಗೆ ಬೀಳುತ್ತೆ.

ಈ ಭಾನುವಾರ ಜೋಡಿಸುವುದನ್ನು ಬಿಟ್ಟುಬಿಡಿ. ಸೋಮ, ಮಂಗಳ, ಬುಧ ನೋಡಿ ಬರೆದುಕೊಳ್ಳಿ. ಗುರುವಾರ ಬಾಗಿಲ ಹತ್ತಿರದ ಹುಕ್ಕು, ಕೀ ಮತ್ತು ಕಾಗದಕ್ಕೆ ಒಂದು ತಟ್ಟೆ. ಶುಕ್ರವಾರ ರೂಮಿನ ಬಾಗಿಲ ಹಿಂದಿನ ಹುಕ್ಕು, ಬಟ್ಟೆಯ ಬಕೆಟ್. ಶನಿವಾರ ರಾತ್ರಿ ಊಟವಾದ ಮೇಲೆ ಐದೂ ಜನ ಮೊದಲ ಹದಿನೈದು ನಿಮಿಷ. ಮೂರನೇ ವಾರಕ್ಕೂ ಟೇಬಲ್ ಮೇಲೆ ಬಂದು ಕೂರುತ್ತಿರುವುದು ಯಾವ ವಸ್ತು ಅಂತ ನನಗೆ ಬರೆಯಿರಿ. ಆ ವಸ್ತುವಿಗೆ ಜಾಗ ಎಲ್ಲಿ ಮಾಡಬಹುದು ಅಂತ ಆಗ ನೋಡೋಣ.